ಮುದುಕಿ ಬಂಡೆಯ ಕೂಗು

ತಾದಿಯಾ ಉಪ್ಪಿನ ಡಬ್ಬಿಯನ್ನು ಮೇಜಿನ ಅಂಚಿಗೆ ತಳ್ಳಿದನೆಂದರೆ ಅವನ ಹೆಂಡತಿ ಪೆರಿನಾ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ತೊಳೆದು ಮುಗಿದಿದ್ದರೆ ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಉಪ್ಪಿನ ಡಬ್ಬಿ ಎಂದರೆ ಮುದುಕಿ ಬಂಡೆ. ಎರಡು ಆಲಿವ್ ಬೀಜಗಳು ಎರಡು ದೋಣಿಗಳು. ಮೇಜಿನ ಅಂಚೇ ದ್ವೀಪದ ದಡ. ವೈನಿನ ಬಾಟಲಿ ಇರುವ ಕಡೆಯಿಂದ ಗಾಳಿ. ಇಷ್ಟು ಸಾಮಾನಿದ್ದರೆ ಸಾಕು, ನಮ್ಮ ದ್ವೀಪದ ಊರು ಸೂಹಾ ಲೂಕಾದ ಯಾವ ಅಡುಗೆಮನೆಯಲ್ಲಾದರೂ ಹಾಯಿದೋಣಿಯ ಪಂದ್ಯ ನಡೆದುಹೋಗುತ್ತದೆ. ಉಂಡು ಕೈತೊಳೆದ ಮೇಲೆ ನಮ್ಮೂರಿನವರಿಗೆ ಬೇರೆ ಮಾತೇ ಇಲ್ಲ. ಮದುವೆ ಮನೆಯಲ್ಲೂ ಇದೇ, ಸಾವಿನ ಮನೆಯಲ್ಲೂ ಇದೇ.

"ಹೇಳು. ಗಾಳಿ ಬಲಗಡೆಯಿಂದ ಬಂದ್ರೆ?" ಎಂದು ತಾದಿಯಾ ಕೇಳುತ್ತಿದ್ದ.

"ಬಲಲಗಾಮು," ಎನ್ನುತ್ತಿದ್ದಳು ವಿನ್ಕಾ.

"ಎಡಲಗಾಮಿನವನು ಅಡ್ಡ ಬಂದ್ರೆ?"

"ಅವನೇ ದಾರಿ ಬಿಡ್ಬೇಕು. 'ಬಲಲಗಾಮು' ಅಂತ ಒಂದ್ಸಲ ಕೂಗಿ ನಾನು ನೆಟ್ಟಗೆ ಹೋಗ್ತಾ ಇರ್ಬೇಕು."

"ಇಬ್ರದ್ದೂ ಒಂದೇ ಲಗಾಮು. ಅಕ್ಕಪಕ್ಕ ಹೋಗ್ತಿದೀರಿ. ಆಗ?"

"ಗಾಳಿ ಬರೋ ಕಡೆ ಇರೋನು ಮೇಲಿನವನು. ಅವನು ಕೆಳಗಿನವನಿಗೆ ದಾರಿ ಬಿಡ್ಬೇಕು. ಅಪ್ಪಾ, ಇದನ್ನೆಲ್ಲ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ."

"ಹೇಳ್ತೀಯ, ಹೇಳ್ತೀಯ. ಈಗ ಕೆಳಗಿನವನ ಮೂಗಿನ ಮುಂದೆ ಬಂಡೆ ಬಂತು." ಉಪ್ಪಿನ ಡಬ್ಬಿ ಸರಿಯುತ್ತಿತ್ತು. "ಅವನೇನು ಮಾಡ್ತಾನೆ?"

"ಒಂದು ಕಡೆ ದಡ, ಒಂದು ಕಡೆ ನಾನು, ಅವನಿಗೆ ತಿರುಗೋಕೆ ಆಗಲ್ಲ. 'ಜಾಗ' ಅಂತ ಕೂಗ್ತಾನೆ. ಕೂಗಿದ ತಕ್ಷಣ ಮೇಲಿನವನು ದೋಣಿ ತಿರುಗಿಸಿ ಅವನಿಗೆ ಜಾಗ ಮಾಡ್ಕೊಡ್ಬೇಕು."

"ಕೂಗದಿದ್ರೆ?"

ಇಲ್ಲಿಗೆ ಬಂದಾಗ ವಿನ್ಕಾ ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಒಟ್ಟುಮಾಡತೊಡಗುತ್ತಿದ್ದಳು. ಅಪ್ಪ ಬಿಡುತ್ತಿರಲಿಲ್ಲ. "ಕೂಗದಿದ್ರೆ ಏನು, ಮಗಳೇ?"

"ಕೊಡ್ಬೇಕಾಗಿಲ್ಲ."

"ಹಾಂ! ಕೂಗದಿದ್ರೆ ಅವನ ಹಣೆಬರಹ." ತಾದಿಯಾ ಕೆಳಗಿನ ಬೀಜವನ್ನು ಹೆಬ್ಬೆರಳಿನಲ್ಲಿ ಒತ್ತಿ ಉಪ್ಪಿನ ಡಬ್ಬಿಗೆ ತಗುಲಿಸುತ್ತಿದ್ದ. ಆ ಬೀಜ ಯಾರದೆಂದು ಅವನು ಬಾಯಿಬಿಟ್ಟು ಹೇಳಿದವನಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅದೇ ಬಂಡೆಗೆ ಬಡಿದು ಸತ್ತವನು ಅವನ ಮಗ ಯೆರ್ಕೊ, ವಿನ್ಕಾಳ ಅಣ್ಣ. ಸಂತ ಲೂಕನ ಹಬ್ಬದ ಪಂದ್ಯ. ಬೆಟ್ಟದಿಂದ ಇಳಿಯುವ ಬೂರಾ ಗಾಳಿ ಎದ್ದಿತ್ತು. ಯೆರ್ಕೊ ದಡದ ಕಡೆ, ಅವನ ಮೇಲ್ಗಡೆ ಲೋವ್ರೆ. ಈ ಲೋವ್ರೆ ಯಾರೋ ದಾರಿಹೋಕನಲ್ಲ. ಇಗರ್ಜಿಯಲ್ಲಿ ಯೆರ್ಕೊನಿಗೆ ಹೆಸರಿಟ್ಟಾಗ ಮಗುವನ್ನು ಎತ್ತಿಕೊಂಡು ನಿಂತವನು, ತಾದಿಯಾ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು, ಮಕ್ಕಳು 'ಬಾರ್ಬಾ', ಅಂದರೆ ದೊಡ್ಡಪ್ಪ, ಎಂದು ಕರೆಯುತ್ತಿದ್ದವನು. ಬಂಡೆ ಹತ್ತಿರ ಬಂದಾಗ ಹುಡುಗ ಜಾಗ ಕೇಳಿ ಕೂಗಿದ. ದಡದ ಗೋಡೆಯ ಮೇಲೆ ದುರ್ಬೀನು ಹಿಡಿದು ನಿಂತಿದ್ದ ತಾದಿಯಾ ಮಗನ ಬಾಯಿ ಅಗಲವಾಗಿ ತೆರೆದದ್ದನ್ನು ಕಣ್ಣಾರೆ ಕಂಡ. ಲೋವ್ರೆ ತಿರುಗಿಸಲಿಲ್ಲ.

ಆಮೇಲೆ ಕ್ಲಬ್ಬಿನಲ್ಲಿ ವಿಚಾರಣೆಯಾಯಿತು. ಮೀನಿನ ಅಂಗಡಿಯ ಮಹಡಿ ಮೇಲಿನ ಕೋಣೆ ಅದು. ಪಂದ್ಯದ ಜಗಳಗಳೆಲ್ಲ ಅಲ್ಲಿಯೇ ತೀರುವುದು. ಲೋವ್ರೆ ಎದ್ದುನಿಂತು ಒಂದೇ ಮಾತು ಹೇಳಿದ: "ಕೇಳಿಸ್ಲಿಲ್ಲ."

"ಇಷ್ಟು ಹತ್ತಿರ ಇದ್ದು ಕೇಳಿಸ್ಲಿಲ್ವೇನೋ? ಇಷ್ಟು ಹತ್ತಿರ!" ಎಂದು ತಾದಿಯಾ ಮೇಜು ಗುದ್ದಿದ. ಮೇಜು ಗುದ್ದಿದರೆ ಸತ್ತವನು ಎದ್ದುಬರುತ್ತಾನೆಯೇ? ಲೋವ್ರೆಯ ಮಾತು ಸುಳ್ಳೆಂದು ತೋರಿಸಲು ಯಾರ ಹತ್ತಿರವೂ ಸಾಕ್ಷಿ ಇರಲಿಲ್ಲ. ಕ್ಲಬ್ಬು ಅವನನ್ನು ಬಿಟ್ಟಿತು. ಊರು ಬಿಡಲಿಲ್ಲ. ಅವತ್ತಿನಿಂದ ಅವನ ದೋಣಿಗೆ ಒಬ್ಬ ನರಪಿಳ್ಳೆಯೂ ಹತ್ತಲಿಲ್ಲ. ಅವನು ವೈನಿನಂಗಡಿಗೆ ಬಂದರೆ ಪಕ್ಕದ ಕುರ್ಚಿ ಖಾಲಿ. ಮೊದಮೊದಲು ಸಿಕ್ಕಸಿಕ್ಕವರ ತೋಳು ಹಿಡಿದು "ನಿಜವಾಗ್ಲೂ ಕೇಳಿಸ್ಲಿಲ್ಲ ಕಣ್ರೋ, ಒಂದ್ನಿಮಿಷ ಕೇಳಿ" ಅನ್ನುತ್ತಿದ್ದ. ಕೇಳುವವರು ಯಾರು? ನಾವು ತೋಳು ಕೊಡವಿಕೊಂಡು ಹೋದೆವು. ಎಂಥ ಜನ ನಾವು, ದೇವರೇ ಕಾಪಾಡಬೇಕು!

ಪಂದ್ಯದ ದಾರಿಯನ್ನೂ ಕ್ಲಬ್ಬು ಬದಲಾಯಿಸಿತು. ಮುದುಕಿ ಬಂಡೆಯ ಕಡೆ, ಅದರಲ್ಲೂ ಬೂರಾ ಬೀಸುವಾಗ, ಯಾರೂ ಹಾಯಿ ಬಿಚ್ಚಿಕೊಂಡು ಹೋಗಲೇ ಇಲ್ಲ.

ಹೋದ ವರ್ಷ ಲೋವ್ರೆಯ ಗಂಟಲಿಗೆ ಹುಣ್ಣು ಬಂತು, ಕೆಟ್ಟ ಹುಣ್ಣು. ರಿಯೆಕಾ ಪಟ್ಟಣದ ಡಾಕ್ಟರುಗಳು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಅವನು ಉಸಿರಾಡುವುದು ಕತ್ತಿನಲ್ಲಿರುವ ತೂತಿನಿಂದ. ಅದರ ಮೇಲೊಂದು ನೀಲಿ ಕರವಸ್ತ್ರ. ಸುದ್ದಿ ಬಂದ ದಿನ ತಾದಿಯಾ ಎರಡು ಲೋಟ ವೈನು ಕುಡಿದು ಹಿತ್ತಲಿಗೆ ಹೋಗಿ, ಮಗ ಹೋದಾಗಿನಿಂದ ಬೋರಲು ಹಾಕಿದ್ದ ದೋಣಿಯನ್ನು ಒಬ್ಬನೇ ಎತ್ತಿ ನಿಲ್ಲಿಸಿದ. ಆ ವಾರವೇ ಮಗಳಿಗೆ ಪಂದ್ಯದ ಪಾಠ ಶುರುವಾಯಿತು.

ವಿನ್ಕಾಳಿಗೆ ಮೊದಲು ಹಿಗ್ಗೋ ಹಿಗ್ಗು. ಅಣ್ಣ ಹೋದ ಮೇಲೆ ಅಪ್ಪ ಅವಳ ಮುಖ ನೋಡಿ ಮಾತಾಡಿದ್ದೇ ಕಡಿಮೆ. ಹಗಲೆಲ್ಲ ಹಡಗುಕಟ್ಟೆಯಲ್ಲಿ ಟಿಕೆಟ್ ಹರಿದು ಮನೆಗೆ ಬಂದರೆ ಮೇಜಿನ ಮೇಲೆ ಬೀಜಗಳು ಸಿದ್ಧವಾಗಿರುತ್ತಿದ್ದವು. ಶುರುವಿನ ಗೆರೆ ದಾಟುವುದು ಹೇಗೆ, ಮುಂದಿನವನ ಹಾಯಿಯ ಗಾಳಿ ಕದಿಯುವುದು ಹೇಗೆ, ತಿರುವಿನ ಗುರುತಿಗೆ ಬಿಟ್ಟ ತೇಲುಬುರುಡೆ ಸುತ್ತುವಾಗ ಒಳಗಿನವನಾಗುವುದು ಹೇಗೆ, ಎಲ್ಲ ಹೇಳಿಕೊಟ್ಟ. ಭಾನುವಾರ ನೀರಿಗಿಳಿದು ಮಾಡಿಸಿದ. ಅವಳ ಕೈಯಲ್ಲಿ ಚುಕ್ಕಾಣಿ ಹಗುರಾಯಿತು. "ಇವಳ ಅಂಗೈಗೇ ಕಣ್ಣಿದೆ ಕಣೇ" ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ಕಿವಿಗೆ ಬಿದ್ದು ಅವಳು ಮೆಟ್ಟಿಲ ಮೇಲೆ ನಿಂತು ಅತ್ತಿದ್ದಳು.

ಆದರೆ ಬರಬರುತ್ತ ಒಂದು ವಿಷಯ ಅವಳಿಗೆ ಹೊಳೆಯಿತು. ಪಾಠ ಎಲ್ಲಿಂದ ಶುರುವಾದರೂ ಮುಗಿಯುವುದು ಉಪ್ಪಿನ ಡಬ್ಬಿಯಲ್ಲೇ. ಎರಡನೆಯ ಬೀಜ ದಡದ ಕಡೆಯೇ, ಕೆಳಗೇ, ಒಂಟಿಯಾಗಿಯೇ. ಅದು ಕೂಗುವುದೇ ಇಲ್ಲ. ಕೂಗಲಾರದ ಒಬ್ಬನನ್ನು ಬಂಡೆಗೆ ಒತ್ತುವ ಒಂದೇ ಒಂದು ವರಸೆ ಅದು. ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ. ಒಂದು ದಿನ ಅವಳು ಉಪ್ಪಿನ ಡಬ್ಬಿಯನ್ನು ಕೈಗೆತ್ತಿಕೊಂಡು, "ಅಪ್ಪಾ, ಬಾರ್ಬಾ ಲೋವ್ರೆ ನೀರಿಗೆ ಬಿದ್ರೆ ಏನಾಗುತ್ತೆ ಗೊತ್ತಾ? ಆ ತೂತಿನಿಂದ ನೀರು ನೇರ ಎದೆಗೆ ಹೋಗುತ್ತೆ. ಈಜೋಕೂ ಟೈಮಿರಲ್ಲ," ಎಂದಳು.

"ಯಾರು ಲೋವ್ರೆ ಹೆಸರು ಎತ್ತಿದ್ದು?" ಎಂದ ತಾದಿಯಾ. "ನಾನು ನಿಯಮ ಹೇಳ್ಕೊಡ್ತಾ ಇದೀನಿ. ನಿಯಮದಲ್ಲಿ ಯಾರ ಹೆಸರೂ ಇಲ್ಲ. ಡಬ್ಬಿ ಇಡು ಅಲ್ಲಿ."

ಅವಳು ಇಟ್ಟಳು. ಬೇಡ ಎನ್ನಬಹುದಿತ್ತು. ನಾನು ನಡೆಸುವುದಿಲ್ಲ ಎಂದು ಎದ್ದುಹೋಗಬಹುದಿತ್ತು. ಆದರೆ ಎದ್ದುಹೋದರೆ ಅಪ್ಪ ಮತ್ತೆ ಗೋಡೆ ನೋಡುತ್ತಾ ಕೂರುತ್ತಾನೆ. ಇಲ್ಲವೇ ತಾನೇ ಚುಕ್ಕಾಣಿ ಹಿಡಿಯುತ್ತಾನೆ. ತಾನಿದ್ದರೆ ಕೊನೆಗಳಿಗೆಯಲ್ಲಿ ತಿರುಗಿಸಬಹುದು ಎಂದು ಲೆಕ್ಕ ಹಾಕಿದಳು. ಆ ಲೆಕ್ಕ ಅವಳದು, ಅವಳೊಬ್ಬಳದೇ.

ಬೇಸಿಗೆಯಲ್ಲಿ ಕೊಲ್ಲಿಯ ಆಚೆ ಬದಿಗೆ ಮೀನು ಸಾಕುವ ಬಲೆಪಂಜರಗಳು ಬಂದವು. ಪಂದ್ಯಕ್ಕೆ ಆ ಕಡೆ ಜಾಗವಿಲ್ಲದಾಯಿತು. ಈ ಸಲ ಹಳೆಯ ದಾರಿಯೇ, ಮುದುಕಿ ಬಂಡೆಯ ಆಚೆಗಿನ ತೇಲುಬುರುಡೆ ಸುತ್ತಿ ಬರುವುದು ಎಂದು ಕ್ಲಬ್ಬಿನ ಅಧ್ಯಕ್ಷ ಶೋರ್ ಬರ್ತುಲ್ ಚೀಟಿ ಅಂಟಿಸಿದ. ತಾದಿಯಾ ಅದನ್ನು ಓದಿ ಮನೆಗೆ ಬಂದವನು ಶಿಳ್ಳೆ ಹಾಕುತ್ತಿದ್ದ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಪೆರಿನಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು.

ಹಬ್ಬಕ್ಕೆ ಮೂರು ದಿನವಿರುವಾಗ ಲೋವ್ರೆ ಟಿಕೆಟ್ ಕಿಟಕಿಗೆ ಬಂದ. ಅವನು ಟಿಕೆಟ್ ಕೇಳಲಿಲ್ಲ. ಕೋಟಿನ ಜೇಬಿನಿಂದ ಒಂದು ಹಳೆಯ ಹಾರ್ನ್ ತೆಗೆದ, ಹಿಂದೆ ಲಾರಿಗಳಿಗೆ ಇರುತ್ತಿತ್ತಲ್ಲ, ಹಿತ್ತಾಳೆ ಕೊಳವೆ, ರಬ್ಬರಿನ ಉಂಡೆ, ಅಂಥದ್ದು. ಉಂಡೆ ಹಿಸುಕಿದ. ಪೋಂ! ಸಾಲಿನಲ್ಲಿದ್ದವರೆಲ್ಲ ಬೆಚ್ಚಿದರು. ಅವನು ಆ ಹಾರ್ನನ್ನು ತೋರಿಸಿ, ಆಮೇಲೆ ತನ್ನ ಬಾಯಿ ತೋರಿಸಿ, ಹುಬ್ಬು ಹಾರಿಸಿದ.

"ಇದೇ ನಿಮ್ಮ ಕೂಗು, ಅಲ್ವಾ ಬಾರ್ಬಾ?" ಎಂದಳು ವಿನ್ಕಾ.

ಅವನು ತಲೆಯಾಡಿಸಿದ. ಮುಖದಲ್ಲಿ ಒಂಥರಾ ನಗು.

"ಈ ಸಲ ಬಿಟ್ಬಿಡಬಾರದಾ? ನಿಮ್ಮ ಕತ್ತು ಇನ್ನೂ..." ಲೋವ್ರೆ ಬೆರಳಿನಿಂದ ಬಂಡೆಯ ಕಡೆ ತೋರಿಸಿದ, ಎದೆ ಮುಟ್ಟಿಕೊಂಡ, ಕೈ ಮೇಲಕ್ಕೆತ್ತಿ ಬಿಟ್ಟ. ಹೋಗಲೇಬೇಕು ಎಂದನೋ, ಹೋಗದೆ ಇರಲಾರೆ ಎಂದನೋ, ಅವಳಿಗೆ ತಿಳಿಯಲಿಲ್ಲ. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ಮುಂಗೈ ಹಿಡಿದಳು. "ನಾನು ನಡೆಸ್ತಾ ಇರ್ತೀನಿ, ಬಾರ್ಬಾ. ನೀವು ಹಾರ್ನ್ ಹೊಡೆದ್ರೆ ಸಾಕು, ತಿರುಗಿಸ್ಬಿಡ್ತೀನಿ. ಅಪ್ಪ ಏನೇ ಅಂದ್ರೂ ಸರಿ. ಅಣ್ಣನ ಆಣೆ."

ಲೋವ್ರೆಯ ನಗು ಆರಿತು. ಅವಳ ಕೈಯನ್ನು ಎರಡು ಸಲ ತಟ್ಟಿ ಹೋದ.

ಪಂದ್ಯದ ಹಿಂದಿನ ದಿನದ ಸಭೆಯಲ್ಲಿ ಶೋರ್ ಬರ್ತುಲ್ ಆ ಹಾರ್ನನ್ನು ಎಲ್ಲರಿಗೂ ತೋರಿಸಿ, ಇದನ್ನು ಕೂಗು ಎಂದೇ ತಿಳಿಯಬೇಕು ಎಂದು ಹೇಳಿದ. ನಿಯಮದಲ್ಲಿ ಹಾಗಿಲ್ಲ, ಆದರೂ ಕಾಯಿಲೆ ಮನುಷ್ಯ, ಯಾರದಾದರೂ ತಕರಾರಿದೆಯೇ? ಅವನು ಕೇಳಿದ್ದು ಎಲ್ಲರನ್ನು, ನೋಡಿದ್ದು ತಾದಿಯಾನನ್ನು. ತಾದಿಯಾ ಎದ್ದುನಿಂತ.

"ನನ್ನದೇನು ತಕರಾರು?" ಎಂದ. "ಹೊಡೀಲಿ, ಪಾಪ. ಕೇಳಿಸಿದ್ರೆ ತಿರುಗಿಸ್ತೀವಿ."

ಕೇಳಿಸಿದರೆ! ಆ ಮಾತಿಗೆ ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಯಾರಾದರೂ ಒಬ್ಬರು ಬಾಯಿಬಿಡಬಹುದಿತ್ತು. ಬಿಡಲಿಲ್ಲ. ವಿನ್ಕಾ ಮಾತ್ರ ಹಾರ್ನಿನ ಆ 'ಪೋಂ' ನೆನಪಿಸಿಕೊಂಡು ಧೈರ್ಯ ತಂದುಕೊಂಡಳು. ಅಷ್ಟು ದೊಡ್ಡ ಸದ್ದು ಕೇಳಿಸದೆ ಹೋಗುವುದುಂಟೇ?

ಹಬ್ಬದ ಬೆಳಿಗ್ಗೆ ಸಮುದ್ರ ಎಣ್ಣೆ ಸುರಿದಂತೆ ಮಲಗಿತ್ತು. ಗಾಳಿಯ ಸುಳಿವೇ ಇಲ್ಲ. ಆದರೆ ಎದುರಿನ ವೆಲೆಬಿಟ್ ಬೆಟ್ಟದ ನೆತ್ತಿಯ ಮೇಲೆ ಬಿಳಿ ಮೋಡದ ಟೋಪಿ ಕೂತಿತ್ತು. ಆ ಟೋಪಿ ಕೂತಿತೆಂದರೆ ನಮ್ಮೂರಲ್ಲಿ ಹೆಂಗಸರು ಒಣಹಾಕಿದ ಬಟ್ಟೆ ಎತ್ತಿಕೊಳ್ಳುತ್ತಾರೆ. ಪೆರಿನಾ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಬೂರಾ ಬರುತ್ತೆ. ಹೋಗ್ಬೇಡಿ," ಎಂದಳು.

"ಬರ್ಲಿ ಅಂತಾನೇ ಕಾಯ್ತಿರೋದು," ಎಂದ ತಾದಿಯಾ.

"ತಾದಿಯಾ, ನನಗೆ ಇನ್ನೊಬ್ಬಳೇ ಇರೋದು."

ಅವನು ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ನಡೆದ. ಪೆರಿನಾ ಮಗಳ ಕಾಲರು ಸರಿಮಾಡಿದಳು, ಮತ್ತೆ ಸರಿಮಾಡಿದಳು. "ನಿಂಗೆ ತಿಳಿಯುತ್ತಲ್ವೇನೇ?" ಎಂದಳು ಮೆಲ್ಲಗೆ. ವಿನ್ಕಾ, "ತಿಳಿಯುತ್ತಮ್ಮ," ಎಂದು ಅಪ್ಪನ ಹಿಂದೆ ಓಡಿದಳು.

ಶುರುವಿನ ಪಿಸ್ತೂಲು ಹಾರುವ ಹೊತ್ತಿಗೆ ಬೆಟ್ಟದ ಬುಡದ ನೀರು ಕಪ್ಪಾಗತೊಡಗಿತ್ತು. ಮೊದಲ ಹೊಡೆತಕ್ಕೇ ಎರಡು ದೋಣಿಗಳ ಹಾಯಿ ಹರಿದು ಹಿಂದಕ್ಕೆ ಹೋದವು. ಆಮೇಲೆ ಒಂದೊಂದಾಗಿ ಉಳಿದವರೂ ಹಾಯಿ ಇಳಿಸಿದರು, ಬುದ್ಧಿವಂತರು. ವಿನ್ಕಾ ಹಾಯಿ ಅರ್ಧ ಮಡಿಸಿ ಗಾಳಿಗೆ ಓರೆಯಾಗಿ ದೋಣಿ ಏರಿಸಿದಳು. ನೀರಿನ ಧೂಳು ಎದ್ದು ಮುಖಕ್ಕೆ ಹೊಡೆಯುತ್ತಿತ್ತು, ಉಪ್ಪು ಕಣ್ಣು ಸುಡುತ್ತಿತ್ತು. ಆದರೂ, ಸುಳ್ಳೇಕೆ, ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಕಲಿತದ್ದೆಲ್ಲ ಕೈಗೆ ಬರುತ್ತಿತ್ತು. ಗಾಳಿ ಜೋರಾದರೆ ಮೂತಿ ಮೇಲಕ್ಕೆ, ಸಡಿಲಾದರೆ ಕೆಳಕ್ಕೆ. ಮುಂದೆ ಒಂದೇ ಒಂದು ಹಾಯಿ ಉಳಿದಿತ್ತು. ಲೋವ್ರೆಯ ದೋಣಿ 'ಗಾಲೆಬ್'.

"ದಡಕ್ಕೆ ಹೋಗ್ತಾನೆ ನೋಡ್ತಿರು," ಎಂದು ಅಪ್ಪ ಅವಳ ಕಿವಿಯ ಹತ್ತಿರ ಬಂದು ಕಿರುಚಿದ. "ಅಲ್ಲಿಂದ ದಾರಿ ಹತ್ತಿರ. ಯಾವಾಗ್ಲೂ ಅಲ್ಲೇ ಹೋಗೋದು ಅವನು."

ಲೋವ್ರೆ ಹೋದ. ವಿನ್ಕಾ ಅವನ ಮೇಲ್ಗಡೆ, ಗಾಳಿ ಬರುವ ಕಡೆ, ಸ್ವಲ್ಪ ಹಿಂದೆ ದೋಣಿ ತಂದು ಕೂರಿಸಿದಳು. ಮೇಜಿನ ಮೇಲೆ ಸಾವಿರ ಸಲ ಕೂರಿಸಿದ ಜಾಗ. ಇಲ್ಲಿಗೆ ಬರಬಾರದೆಂದು ಅವಳು ಬೆಳಿಗ್ಗೆ ನಿರ್ಧರಿಸಿದ್ದಳು. ಕೈ ಮಾತ್ರ ತಾನೇ ತಂದು ನಿಲ್ಲಿಸಿತ್ತು. ಅಭ್ಯಾಸ ಮಾಡಿಸುವುದೆಂದರೆ ಇದೇ ಅಲ್ಲವೇ?

ಲೋವ್ರೆಯ ದೋಣಿ ಅವಳ ಮುಂದಿನ ಹಾಯಿಯ ಮರೆಗೆ ಸರಿಯಿತು. ಬಂಡೆಯೂ ಆ ಹಾಯಿಯ ಮರೆಯಲ್ಲೇ. ತಾದಿಯಾ ಕೆಳಬದಿಗೆ ಜಾರಿ ಕೂತು, ಹಾಯಿಯ ಕೆಳಗಿನಿಂದ ಇಣುಕಿ ನೋಡುತ್ತಿದ್ದ. ಅವಳ ಕಣ್ಣು ಈಗ ಅವನೇ.

"ಬಂಡೆ ಎಷ್ಟು ದೂರ?" ಎಂದು ಅವಳು ಕೈಸನ್ನೆ ಮಾಡಿದಳು.

ಅವನು ತಿರುಗಿ ನೋಡಿ ಅಂಗೈ ಅಲ್ಲಾಡಿಸಿದ. ಇನ್ನೂ ಇದೆ.

ಅಲ್ಲಿಗೆ ಬಂದಾಗ ಅದು ಶುರುವಾಯಿತು. ಹನ್ನೊಂದು ವರ್ಷದಿಂದ ಯಾರೂ ಆ ಗಾಳಿಯಲ್ಲಿ ಆ ಜಾಗಕ್ಕೆ ಹೋಗಿರಲಿಲ್ಲ ಅಂದೆನಲ್ಲ. ಬೆಟ್ಟದಿಂದ ಬಂದ ಬೂರಾ ದ್ವೀಪದ ಕಡಿದಾದ ದಡಕ್ಕೆ ಬಡಿದು ವಾಪಸ್ಸು ಮೊರೆಯುತ್ತಿತ್ತು. ಮುದುಕಿಗೂ ದಡಕ್ಕೂ ನಡುವೆ ಮುಳುಗಿರುವ ಕಲ್ಲುಗಳ ಸಾಲಿನಲ್ಲಿ ನೀರು ಕುದಿಯುತ್ತಿತ್ತು. ಹಾಯಿಯ ಅಂಚು ಪಟಪಟನೆ ಬಡಿದುಕೊಳ್ಳುತ್ತಿತ್ತು. ಎಲ್ಲ ಸೇರಿ ಹಿಟ್ಟಿನ ಗಿರಣಿಯೊಳಗೆ ತಲೆ ಇಟ್ಟಂತೆ ಒಂದೇ ಸದ್ದು. ವಿನ್ಕಾ ಆ ಸದ್ದಿನ ಒಳಗೆ 'ಪೋಂ' ಎಂಬುದನ್ನು ಹುಡುಕುತ್ತಾ, ಮೈಯೆಲ್ಲ ಕಿವಿಯಾಗಿ, ಚುಕ್ಕಾಣಿ ಬಿಗಿಹಿಡಿದು ಕೂತಳು. ಹಾರ್ನ್ ಬಂದ ಕ್ಷಣ ತಿರುಗಿಸುವುದು. ಬರಲಿಲ್ಲ. ಇನ್ನೂ ದೂರವಿದೆ, ಅದಕ್ಕೇ ಬರಲಿಲ್ಲ. ಅಪ್ಪನೇ ಹೇಳಿದನಲ್ಲ, ಇನ್ನೂ ಇದೆ ಅಂತ.

ಆಗ ಅಪ್ಪ ಅವಳ ಕಡೆ ತಿರುಗಿದ.

ಅವನ ಬಾಯಿ ಅಗಲವಾಗಿ ತೆರೆದಿತ್ತು. ಕತ್ತಿನ ನರಗಳು ಹುರಿಹಗ್ಗದಂತೆ ಉಬ್ಬಿದ್ದವು. ಮುಚ್ಚಿತು, ಮತ್ತೆ ತೆರೆಯಿತು. ಅವನು ಕೂತಿದ್ದದ್ದು ಅವಳು ಕಾಲು ಚಾಚಿದರೆ ತಗಲುವಷ್ಟು ಹತ್ತಿರ. ಒಂದು ಅಕ್ಷರವೂ ಅವಳಿಗೆ ಕೇಳಿಸಲಿಲ್ಲ. ಅಪ್ಪ ಏನೋ ನುಂಗುತ್ತಿದ್ದಾನೆ ಎನಿಸಿತು ಅವಳಿಗೆ, ಒಂದು ಗಳಿಗೆ. ಆ ಗಳಿಗೆಯಲ್ಲಿ ಅವನು ಎರಡೂ ಕೈ ಎತ್ತಿ ಗಾಳಿಯ ಕಡೆಗೆ ತಳ್ಳಿದ. ತಿರುಗಿಸು! ತಿರುಗಿಸು ಎನ್ನುತ್ತಿದ್ದಾನೆ!

ಅವಳು ಚುಕ್ಕಾಣಿಯನ್ನು ಮೈಭಾರ ಹಾಕಿ ತಳ್ಳಿದಳು. ದೋಣಿ ಗಾಳಿಯನ್ನು ಸೀಳಿಕೊಂಡು ತಿರುಗಿತು. ಹಾಯಿ ಆಚೆ ಬದಿಗೆ ಸರಿದು ನೋಟ ತೆರವಾಯಿತು. ಆಗ ಕಂಡಿತು, ಮುದುಕಿ ಬಂಡೆ, ಕಪ್ಪಗೆ, ಅಷ್ಟು ಹತ್ತಿರ. ಅದರ ಬುಡಕ್ಕೆ ಬಡಿದು ಮಗ್ಗುಲಾದ 'ಗಾಲೆಬ್'. ಮುರಿದ ಹಾಯಿಕಂಬವನ್ನು ತಬ್ಬಿ ಎದೆಮಟ್ಟ ನೀರಿನಲ್ಲಿ ಲೋವ್ರೆ. ಅವನ ಒಂದು ಕೈಯಲ್ಲಿ ಹಾರ್ನ್ ಇನ್ನೂ ಇತ್ತು. ಅವನು ಹಿಸುಕುತ್ತಲೇ ಇದ್ದ. ಅವಳು ನೋಡುತ್ತಲೇ ಇದ್ದಳು, ಆ ಉಂಡೆ ಮುದುರುವುದನ್ನು, ಅರಳುವುದನ್ನು. ಸದ್ದು ಮಾತ್ರ ಇಲ್ಲ.

"ಅಪ್ಪಾ!" ಎಂದು ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ತಾದಿಯಾ ಬೂಟು ಸಮೇತ ನೀರಿಗೆ ಹಾರಿದ.

ವಿನ್ಕಾ ಹಾಯಿ ಬಿಚ್ಚಿಬಿಟ್ಟು, ಲಂಗರು ಎಸೆದು, ದೋಣಿಯನ್ನು ಕಲ್ಲಿನಿಂದ ದೂರ ಹಿಡಿದುಕೊಳ್ಳಲು ಒದ್ದಾಡುತ್ತಾ ನೋಡಿದಳು. ಅಪ್ಪ ಈಜಿ ಹೋಗಿ ಲೋವ್ರೆಯನ್ನು ಹಿಂದಿನಿಂದ ಹಿಡಿದ. ಅಪ್ಪನ ಎಡಗೈ ಲೋವ್ರೆಯ ಎದೆ ಬಳಸಿತು. ಬಲಗೈ ಮೇಲಕ್ಕೆ ಬಂದು ಅವನ ಕತ್ತಿನ ಮೇಲೆ ಕೂತಿತು. ಒತ್ತಿತು. ಲೋವ್ರೆ ಕಾಲು ಝಾಡಿಸಿದ. ಕೊಲ್ಲುತ್ತಿದ್ದಾನೆ! ಇಷ್ಟು ವರ್ಷ ಕಾದು, ಬಂಡೆಯಿಂದ ಆಗದ್ದನ್ನು ಕೈಯಾರೆ ಮುಗಿಸುತ್ತಿದ್ದಾನೆ. ದೊಡ್ಡ ಅಲೆಯೊಂದು ಇಬ್ಬರ ತಲೆಯ ಮೇಲಿಂದ ಹಾದುಹೋಯಿತು. ಅಲೆ ಇಳಿಯಿತು. ಅಪ್ಪನ ಕೈ ಕತ್ತಿನಿಂದ ಸರಿಯಿತು. ಲೋವ್ರೆಯ ಎದೆ ಉಬ್ಬಿತು, ಇಳಿಯಿತು. ಮತ್ತೊಂದು ಅಲೆ ಏಳುವುದನ್ನು ಕಂಡು ಅಪ್ಪ ಮತ್ತೆ ಅಂಗೈಯಿಂದ ಆ ತೂತನ್ನು ಮುಚ್ಚಿದ. ಅಲೆ ಬಂದಾಗ ಮುಚ್ಚುವುದು, ಹೋದಾಗ ಬಿಡುವುದು. ಕ್ಲಬ್ಬಿನ ಮೋಟಾರು ದೋಣಿ ಬಂದು ಇಬ್ಬರನ್ನೂ ಎಳೆದುಕೊಳ್ಳುವವರೆಗೆ ಅವನು ಅಷ್ಟನ್ನೇ ಮಾಡುತ್ತಿದ್ದ.

ಮುಂದಿನ ಭಾನುವಾರ ಮೀನಿನಂಗಡಿಯ ಮಹಡಿಯಲ್ಲಿ ವಿಚಾರಣೆ. ದೋಣಿ ಮುರಿದರೆ ವಿಚಾರಣೆ ಆಗಲೇಬೇಕು. ಅದೇ ಮೇಜು, ಅದೇ ಶೋರ್ ಬರ್ತುಲ್. ಊರಿಗೆ ಊರೇ ಮೆಟ್ಟಿಲ ಮೇಲೆ ತುಂಬಿತ್ತು. ಲೋವ್ರೆ ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಕಿಟಕಿ ಪಕ್ಕ ಕೂತಿದ್ದ. ತಾದಿಯಾ ಎದುರುಗಡೆ. ನೀರಿನಿಂದ ಬಂದ ಮೇಲೆ ಅವನು ಯಾರೊಂದಿಗೂ ಮಾತಾಡಿರಲಿಲ್ಲ, ಹೆಂಡತಿಯೊಂದಿಗೂ.

"ವಿನ್ಕಾ, ಚುಕ್ಕಾಣಿ ನಿನ್ನ ಕೈಲಿತ್ತು," ಎಂದ ಶೋರ್ ಬರ್ತುಲ್. "ಲೋವ್ರೆ ಹಾರ್ನ್ ಹೊಡೆದ. ಮೋಟಾರು ದೋಣಿಯವರು ದುರ್ಬೀನಿನಲ್ಲಿ ನೋಡಿದಾರೆ, ಎಷ್ಟೋ ಸಲ ಹೊಡೆದ. ನೀನು ಯಾಕೆ ತಿರುಗಿಸ್ಲಿಲ್ಲ?"

ವಿನ್ಕಾ ಎದ್ದುನಿಂತಳು. ಏನು ಹೇಳಬೇಕೆಂದು ವಾರವಿಡೀ ಹುಡುಕಿದ್ದಳು. ಎಷ್ಟು ಹುಡುಕಿದರೂ ನಿಜ ಒಂದೇ ಇತ್ತು. ಅದು ಯಾರ ಮಾತೆಂದು ಗೊತ್ತಿದ್ದೂ ಅದನ್ನೇ ಹೇಳಬೇಕಾಗಿತ್ತು.

"ಕೇಳಿಸ್ಲಿಲ್ಲ," ಎಂದಳು.

ಮೆಟ್ಟಿಲ ಮೇಲಿದ್ದವರ ನಡುವೆ ಗುಸುಗುಸು ಎದ್ದಿತು. ಯಾರೋ ನಕ್ಕರು ಕೂಡ. ಅಪ್ಪನ ಮಗಳು, ಚೆನ್ನಾಗಿ ಪಾಠ ಕಲಿತಿದ್ದಾಳೆ, ಎಂದಿತೊಂದು ದನಿ. ಶೋರ್ ಬರ್ತುಲ್ ಕನ್ನಡಕ ತೆಗೆದ. "ಇಷ್ಟು ಹತ್ತಿರ ಇದ್ದು ಕೇಳಿಸ್ಲಿಲ್ವೇನಮ್ಮ?"

ಅವನು ಬೇಕೆಂದು ಕೇಳಿದ್ದಲ್ಲ. ಆದರೆ ಆ ಕೋಣೆಯಲ್ಲಿ ಆ ಮಾತನ್ನು ಹಿಂದೆ ಕೇಳದವರು ಯಾರಿದ್ದರು? ವಿನ್ಕಾ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಳು. ಇನ್ನು ಮೇಲೆ ತನ್ನ ಪಕ್ಕದ ಕುರ್ಚಿಯೂ ಖಾಲಿ ಎಂದು ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು. ಇಡೀ ಕೋಣೆಯಲ್ಲಿ ಒಬ್ಬನೇ ಒಬ್ಬ ಅವಳನ್ನು ನೋಡಿ ತಲೆಯಾಡಿಸುತ್ತಿದ್ದ. ಹೌದು, ಹೌದು, ನಿಜ ಎಂದು. ಅವನು ಲೋವ್ರೆ.

"ತಾದಿಯಾ, ನೀನೇನಾದ್ರೂ ಹೇಳೋದಿದೆಯಾ?"

ತಾದಿಯಾ ಮೇಜು ಹಿಡಿದುಕೊಂಡು ಎದ್ದ. ಮಗಳನ್ನು ಉಳಿಸುವ ಮಾತು ಅವನ ಹತ್ತಿರವಿತ್ತು. ಅದನ್ನು ಆಡಿದರೆ ಹನ್ನೊಂದು ವರ್ಷ ತಾನು ಉಂಡು ಉಸಿರಾಡಿದ ಸಿಟ್ಟು ನೆಲಕ್ಕೆ ಬೀಳುತ್ತದೆ. ಮಗನ ಸಾವಿಗೆ ಕಾರಣವೆಂದು ಬೆಟ್ಟು ಮಾಡಲು ಯಾರೂ ಉಳಿಯುವುದಿಲ್ಲ. ಗಾಳಿ ಉಳಿಯುತ್ತದೆ, ಬಂಡೆ ಉಳಿಯುತ್ತದೆ. ಅವುಗಳ ಮೇಲೆ ಸಿಟ್ಟು ಮಾಡಿಕೊಂಡು ಬದುಕುವುದು ಹೇಗೆ?

"ನಾನು ಹಾರ್ನ್ ನೋಡ್ದೆ," ಎಂದ. "ಮೊದಲನೇ ಸಲ ಹಿಸುಕಿದ್ದೂ ನೋಡ್ದೆ. ಎಷ್ಟು ದೂರ ಅಂತ ಮಗಳು ಕೇಳಿದ್ಲು, ಇನ್ನೂ ಇದೆ ಅಂತ ಸುಳ್ಳು ಹೇಳ್ದೆ. ಬೇಕು ಅಂತಾನೇ. ಆಮೇಲೆ..." ಅವನು ಲೋವ್ರೆಯ ಕಡೆ ನೋಡಿದ. "ಆಮೇಲೆ ಅವನ ಮುಖ ಕಂಡ್ತು. ತಿರುಗಿಸು ಅಂತ ಕೂಗ್ದೆ. ಗಂಟಲು ಹರಿಯೋ ಹಾಗೆ ಕೂಗ್ದೆ ಬರ್ತುಲ್, ಇವಳ ಕಾಲ ಬುಡದಲ್ಲೇ ಕೂತು. ಇವಳಿಗೆ ಕೇಳಿಸ್ಲಿಲ್ಲ. ನನ್ನ ಮಗಳಿಗೆ ನನ್ನ ಕೂಗೇ ಕೇಳಿಸ್ಲಿಲ್ಲ."

ಶೋರ್ ಬರ್ತುಲ್ ಪೆನ್ನು ಹಿಡಿದುಕೊಂಡವನು ಬರೆಯದೆ ಕೂತಿದ್ದ.

"ಬರ್ಕೋ," ಎಂದ ತಾದಿಯಾ. "ಆ ಗಾಳೀಲಿ ಅಲ್ಲಿ ಯಾರಿಗೂ ಏನೂ ಕೇಳಿಸಲ್ಲ. ಅವತ್ತೂ ಕೇಳಿಸಿರಲ್ಲ."

ಅವನು ಕೂತುಕೊಂಡ. ಹಿಂದೆ ನಿಂತಿದ್ದ ಪೆರಿನಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಲೋವ್ರೆ ಎದ್ದುನಿಂತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಮೆಟ್ಟಿಲ ಮೇಲಿದ್ದವರು ಸದ್ದು ನಿಲ್ಲಿಸಿ, ಕತ್ತು ಚಾಚಿ, ಅವನೊಂದು ಮಾತು ಆಡಲಿ ಎಂದು ಕಾದರು. ಒಂದ್ನಿಮಿಷ ಕೇಳಿ ಎಂದು ಅವನು ತೋಳು ಹಿಡಿದಾಗಲೆಲ್ಲ ಕೊಡವಿಕೊಂಡು ಹೋದವರೇ ಅವರೆಲ್ಲ. ಈಗ ಊರಿಗೆ ಊರೇ ಕಿವಿಗೊಟ್ಟು ನಿಂತಿತ್ತು, ಅವನ ಬಾಯಿಂದ ಗಾಳಿಯೂ ಹೊರಡಲಿಲ್ಲ.